ಎರಡು ಲ್ಯಾಪ್‌ಟಾಪ್, ಒಂದು ವಾರ್ಡು

ಎರಡೂ ಲ್ಯಾಪ್‌ಟಾಪ್‌ಗಳ ಮೂಲೆಯಲ್ಲಿ ಒಂದೇ ಅಂಕಿ ನಿಂತಿತ್ತು: ಅರವತ್ತು. ಪುಟ್ಟಿ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಎಡಗಡೆಯದು ಅವಳೇ ಕೆಲವು ವರ್ಷಗಳಿಂದ ಬಳಸುತ್ತಿದ್ದ ಹಳೆಯದು. ಅಂಗೈ ಊರುವ ಜಾಗದಲ್ಲಿ ಬಣ್ಣ ಸವೆದು ಲೋಹ ಇಣುಕುತ್ತಿತ್ತು. ಬಲಗಡೆಯದು ಅಂಗಡಿಯವರು ನೋಡಲೆಂದು ಬಿಟ್ಟುಹೋದ ಹೊಸದು. ಅದರ ಚಿಪ್ ಹಳೆಯದಕ್ಕಿಂತ ಎರಡು ತಲೆಮಾರು ಮುಂದಿನದು, ಚಿತ್ರ ಮೂಡಿಸುವುದರಲ್ಲಿ ಹಳೆಯದು ಇದರ ಹತ್ತಿರಕ್ಕೂ ಬರುವುದಿಲ್ಲ ಎಂದಿದ್ದರು ಅವರು. ಈಗ ನೋಡಿದರೆ ಎರಡೂ ಸೆಕೆಂಡಿಗೆ ಅರವತ್ತು ಚಿತ್ರದಂತೆ, ಜೊತೆಯಲ್ಲಿ ವಾಕಿಂಗ್ ಹೊರಟವರ ಹಾಗೆ ಒಂದೇ ಹೆಜ್ಜೆ ಹಾಕುತ್ತಿದ್ದವು.

ಅವರದು ಇನ್ನೂ ಕಟ್ಟದ ಕಟ್ಟಡಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಕಟ್ಟಿಸುವವರನ್ನು ಅದರೊಳಗೆ ಓಡಾಡಿಸಿ ತೋರಿಸುವ ಸಣ್ಣ ಸಂಸ್ಥೆ. ಈ ಸಲದ್ದು ಮಕ್ಕಳ ಆಸ್ಪತ್ರೆ. ಕಡತ ಭಾರವಾದರೆ ಚಿತ್ರ ತಡವರಿಸುತ್ತದೆ, ನೋಡುವವರಿಗೆ ತಲೆ ಸುತ್ತುತ್ತದೆ. ಹಾಗಾಗದಂತೆ ನೋಡಿಕೊಳ್ಳುವವರು ಪುಟ್ಟಿಯ ಚಿಕ್ಕಪ್ಪ. ಆಫೀಸಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು 'ಕತ್ತರಿ' ಎಂದೇ. ಬೀರುವಿನ ಬೆನ್ನು, ಮಂಚದ ತಿರುಪು, ದೂರದ ಮರದ ಒಳಗಿನ ಎಲೆ, ಹೀಗೆ ಕಣ್ಣಿಗೆ ಬೀಳದ್ದನ್ನೆಲ್ಲ ಹುಡುಕಿ ಕತ್ತರಿಸಿ ಕಡತವನ್ನು ಹಗುರ ಮಾಡುವುದು ಅವರ ಕೆಲಸ. "ಕಾಣ್ದೇ ಇರೋದನ್ನ ಯಾಕಮ್ಮ ಹೊರ್ಬೇಕು?" ಎನ್ನುತ್ತಿದ್ದರು. ಓದು ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ ಅಣ್ಣನ ಮಗಳನ್ನು ಇಲ್ಲಿಗೆ ಕರೆತಂದು, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವರೂ ಅವರೇ. ಮೂವತ್ತು ದಾಟಿದರೂ ಅವಳು ಇಡೀ ಆಫೀಸಿಗೆ ಪುಟ್ಟಿಯಾಗಿ ಉಳಿದದ್ದು ಅವರ ಬಾಯಿಂದಲೇ.

ಹೊಸ ಯಂತ್ರಗಳನ್ನು ಎಲ್ಲರಿಗೂ ತರಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಮಾಲೀಕರು ಈ ಹೋಲಿಕೆಯನ್ನು ಪುಟ್ಟಿಗೆ ಒಪ್ಪಿಸಿದ್ದರು. ಮಾಲೀಕರೆಂದರೆ ಮೇಡಂ, ಮಾತು ಕಮ್ಮಿ, ಕಿವಿ ಚುರುಕು. "ಆಸ್ಪತ್ರೆ ಕಡತಾನೇ ಓಡ್ಸು. ಮೂಲದ್ದು, ಪೂರ್ತಿದು. ಕತ್ತರಿಯವರ ಹತ್ರ ಇದೆ, ಇಸ್ಕೋ" ಎಂದಿದ್ದರು.

ಪುಟ್ಟಿ ಲ್ಯಾಪ್‌ಟಾಪಿನಲ್ಲೇ ವಾರ್ಡಿನೊಳಗೆ ಇನ್ನೊಂದು ಸುತ್ತು ಹೋದಳು. ಬಟ್ಟೆಯ ಪರದೆಗಳಿಗೆ ನೆರಿಗೆ ಇರಲಿಲ್ಲ. ಮಂಚಗಳಿಗೆ ಗೋಡೆಯ ಕಡೆಯ ಕಾಲುಗಳಿರಲಿಲ್ಲ. ಆಗ ತಿಳಿಯಿತು. ಲ್ಯಾಪ್‌ಟಾಪಿನ ಪರದೆ ಹೆಚ್ಚೆಂದರೆ ತೋರಿಸಬಲ್ಲದ್ದೇ ಅರವತ್ತು. ಇಷ್ಟು ಹಗುರದ ಕೆಲಸ ಕೊಟ್ಟರೆ ಹಳೆಯದೂ ಹೊಸದೂ ಅಲ್ಲಿ ತಲೆ ಮುಟ್ಟಿಸಿ ನಿಲ್ಲುತ್ತವೆ. ಚಿಕ್ಕಪ್ಪ ಕೊಟ್ಟದ್ದು ಮೂಲ ಕಡತವಲ್ಲ, ಕತ್ತರಿ ಆಡಿಸಿದ್ದು.

ಅವರು ಮೆಟ್ಟಿಲ ಕಿಟಕಿಯ ಹತ್ತಿರ ಕಾಫಿ ಲೋಟ ಹಿಡಿದು ನಿಂತಿದ್ದರು.

"ಚಿಕ್ಕಪ್ಪ, ಮಂಚಕ್ಕೆ ಎರಡೇ ಕಾಲಿದೆ."

ಅವರು ಕಾಫಿ ಊದಿದರು. "ಗೋಡೆ ಕಡೆ ಯಾರು ನೋಡ್ತಾರೆ?"

"ಮೇಡಂ ಮೂಲದ್ದು ಓಡ್ಸು ಅಂದಿದ್ರು."

"ನಾವು ದಿನಾ ಓಡ್ಸೋದು ಇದನ್ನೇ ತಾನೇ? ದಿನಾ ಓಡ್ಸೋದನ್ನ ಓಡ್ಸಿದ್ರೆ ಅದ್ರಲ್ಲಿ ಮೋಸ ಏನು ಬಂತು?"

"ಇದನ್ನ ಓಡ್ಸೋದು ನೀವು ಕತ್ತರಿಸಿ ಕೊಡೋದ್ರಿಂದ. ನೀವು ಕೈ ಹಾಕ್ದೇ ಇದ್ರೆ ಏನಾಗುತ್ತೆ ಅಂತಲೇ ಅವ್ರು ಕೇಳ್ತಿರೋದು."

"ಅದೇ," ಎಂದರು ಚಿಕ್ಕಪ್ಪ. "ಅದನ್ನೇ ಕೇಳ್ತಿದಾರೆ ಅಂತ ನಂಗೂ ಗೊತ್ತಾಯ್ತು." ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅವಳತ್ತ ನೋಡದೆ ಒಳಗೆ ಹೋದರು.

ಪುಟ್ಟಿ ತನ್ನ ಜಾಗಕ್ಕೆ ಬಂದು ಕೂತಳು. ವ್ಯತ್ಯಾಸ ಇಲ್ಲ ಎಂದು ಬರೆದುಕೊಟ್ಟರೆ ಮುಗಿಯಿತು. ಬರೆದದ್ದು ಸುಳ್ಳೂ ಅಲ್ಲ, ಎರಡು ಪರದೆಗಳೂ ಅದನ್ನೇ ಹೇಳುತ್ತಿದ್ದವು. ಚಿಕ್ಕಪ್ಪ ನಿವೃತ್ತಿಯಾಗುವವರೆಗೆ ಯಾರೂ ಮತ್ತೆ ಕೇಳುವುದಿಲ್ಲ. ಎದುರಿನ ಮೇಜಿನಲ್ಲಿ ಬೆಳಕು ಜೋಡಿಸುವವಳು ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. "ನಿಮ್ಮ ಚಿಕ್ಕಪ್ಪನ ಹತ್ರ ನನ್ನ ಕಡತದ ಸರದಿ ಇನ್ನೂ ಬಂದಿಲ್ಲ ಕಣೆ. ಕೈ ಕಟ್ಕೊಂಡು ಕೂತಿದೀನಿ" ಎಂದಳು. ಅವಳೊಬ್ಬಳೇ ಅಲ್ಲ, ಎಲ್ಲರ ಕೆಲಸವೂ ಆ ಒಂದು ಜೋಡಿ ಕೈಗಾಗಿ ಸಾಲು ನಿಂತಿತ್ತು. ಇದು ಪುಟ್ಟಿಗೆ ಎಷ್ಟೋ ಕಾಲದಿಂದ ಗೊತ್ತಿತ್ತು. ಹೇಳಲು ಬಾಯಿ ಬಂದಿರಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಅವಳ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಬಂದಿತ್ತು. ಚಿಕ್ಕಪ್ಪ ಅದರಲ್ಲಿ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. "ಮೂಲದ್ದು ಹಾಕಿದೀನಿ. ಓಡ್ಸು, ನಾನೂ ನೋಡ್ತೀನಿ."

ಮೊದಲು ಹಳೆಯದು. ಅದರ ಫ್ಯಾನು ಹುಯ್ಯಲಿಟ್ಟಿತು. ವಾರ್ಡಿನ ಬಾಗಿಲಲ್ಲೇ ಚಿತ್ರ ಮುಗ್ಗರಿಸಿತು. ಹನ್ನೆರಡು, ಹದಿನಾಲ್ಕು, ಮತ್ತೆ ಹನ್ನೆರಡು. ತಿರುಗಿದರೆ ಗೋಡೆ ಅರ್ಧ ಸೆಕೆಂಡು ತಡವಾಗಿ ತಿರುಗುತ್ತಿತ್ತು. ಆಮೇಲೆ ಹೊಸದು. ಪರದೆಗಳ ನೆರಿಗೆ, ಮಂಚದ ತಿರುಪು, ಅಂಗಳದ ಮರಗಳ ಎಲೆ, ಎಲ್ಲವನ್ನೂ ಹೊತ್ತುಕೊಂಡು ಅದು ಐವತ್ತರ ಆಸುಪಾಸಿನಲ್ಲಿ ಸಲೀಸಾಗಿ ಸಾಗಿತು. ಚಿಕ್ಕಪ್ಪ ಬಗ್ಗಿ ಅದರ ಬದಿಗೆ ಕಿವಿಯಿಟ್ಟರು.

"ಉಸಿರೂ ಬಿಡ್ತಿಲ್ಲ ಇದು" ಎಂದರು.

ಇನ್ನೊಂದು ಸಲ ಓಡಿಸಲು ಅವರೇ ಹೇಳಿದರು. ಇನ್ನೊಂದು ಸಲವೂ ಅಷ್ಟೇ ಬಂತು. ಅವರು ಎದ್ದು, ಕುರ್ಚಿಯನ್ನು ಎತ್ತಿಕೊಂಡು ಹೋಗಿ ಅದರ ಜಾಗದಲ್ಲಿಟ್ಟರು.

ವರದಿಯಲ್ಲಿ ಪುಟ್ಟಿ ಎರಡು ಚಿಪ್‌ಗಳ ಅಂಕಿಗಳನ್ನೂ ಬರೆದಳು. ಅದರ ಕೆಳಗೆ, ಕತ್ತರಿ ಆಡಿಸಿದ ಕಡತ ಹಳೆಯದರಲ್ಲೂ ಅರವತ್ತು ಮುಟ್ಟುತ್ತದೆ ಎಂದೂ ಬರೆದಳು. ಮೇಡಂ ಓದಿ ಚಿಕ್ಕಪ್ಪನನ್ನು ಕರೆಸಿದರು.

"ಚಿಪ್ ಮಾಡೋರು ಎರಡು ತಲೆಮಾರಲ್ಲಿ ಮಾಡಿದ್ದನ್ನ ನೀವು ಕೂತಲ್ಲೇ ಮಾಡ್ತಿದ್ರಿ ಅನ್ನಿ."

"ಹಾಗೇ ಅನ್ಕೊಳ್ಳಿ."

"ಹೊಸದು ತರಿಸ್ತೀನಿ. ಕತ್ತರಿಸೋ ಕೆಲ್ಸ ಇನ್ನು ಹೆಚ್ಚು ಇರಲ್ಲ. ನಿಮ್ಮನ್ನ ಹೋಗಿ ಅಂತ ನಾನು ಅನ್ನಲ್ಲ. ಬೇರೆ ಏನಾದ್ರೂ ಮಾಡ್ತೀರಾ ಅನ್ನೋದನ್ನ ನೀವೇ ಹೇಳ್ಬೇಕು."

"ಯೋಚ್ನೆ ಮಾಡ್ತೀನಿ" ಎಂದು ಅವರು ಹೊರಬಂದರು.

ಪುಟ್ಟಿಯೂ ಚಿಕ್ಕಪ್ಪನೂ ಒಂದೇ ಕಟ್ಟಡದಲ್ಲಿ, ಮೇಲೆ ಕೆಳಗೆ ಇರುವವರು. ದಿನಾ ಒಟ್ಟಿಗೆ ಬಸ್ಸು ಹಿಡಿಯುವವರು. ಆ ವಾರ ಚಿಕ್ಕಪ್ಪ ಬಸ್ಸಿನಲ್ಲಿ ಮುಂದಿನ ಸೀಟು ಹುಡುಕಿಕೊಂಡರು. ಪುಟ್ಟಿ ಹಿಂದೆ ಕೂತು ಅವರ ಬೋಳುತಲೆ ನೋಡುತ್ತ ಬಂದಳು. ಮಾಡಿದ್ದು ಸರಿಯೇ ಎಂದು ಅವಳಿಗೆ ಗೊತ್ತಿತ್ತು, ಆದರೂ ಎದ್ದು ಅವರ ಪಕ್ಕಕ್ಕೆ ಹೋಗಲಿಲ್ಲ.

ರಜೆಯ ದಿನ ಒಣಗಿದ ಬಟ್ಟೆ ಎತ್ತಲು ಮಹಡಿಗೆ ಹೋದಾಗ ಚಿಕ್ಕಮ್ಮ ಸಿಕ್ಕರು.

"ಸಿಟ್ಟಾಗಿದಾರಾ?" ಪುಟ್ಟಿ ಕೇಳಿದಳು.

"ನಿನ್ ಮೇಲಾ? ಇಲ್ಲ. ಸರಿಯಾಗೇ ಬರ್ದಿದಾಳೆ ಅಂದ್ರು." ಚಿಕ್ಕಮ್ಮ ಚಾದರದ ಒಂದು ತುದಿ ಅವಳ ಕೈಗೆ ಕೊಟ್ಟರು. "ಮೂಲ ಕೊಡ್ದೇ ಹೋದೆನಲ್ಲ, ಅದೂ ಅವಳಿಗೆ ಅಂತ ಒಳಗೊಳಗೇ ಕೊರಗ್ತಾರೆ. ನನ್ನ ಚಿಂತೆ ಬೇರೆ. ಇವರು ಮನೇಲಿ ಕೂತ್ರೆ ನನ್ನ ಗತಿ ಏನು? ಹೋದ ಸಲ ರಜ ಹಾಕಿದಾಗ, ಇಷ್ಟು ಡಬ್ಬಿ ಯಾಕೆ ಅಂತ ಅರ್ಧ ಎತ್ತಿ ಅಟ್ಟಕ್ಕೆ ಹಾಕಿದ್ರು. ಎರಡು ದಿನ ಉಪ್ಪಿಗೆ ಪಕ್ಕದ ಮನೆಗೆ ಹೋದೆ."

ಪುಟ್ಟಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. ಚಿಕ್ಕಮ್ಮ ಚಾದರ ಮಡಿಸುವ ನೆಪದಲ್ಲಿ ಹತ್ತಿರ ಬಂದು ಅವಳ ಕೆನ್ನೆ ತಟ್ಟಿದರು.

ಹೊಸ ಯಂತ್ರಗಳು ಬಂದ ದಿನ ಬೆಳಿಗ್ಗೆ ಬಸ್ಸಿನಲ್ಲಿ ಚಿಕ್ಕಪ್ಪ ಅವಳ ಪಕ್ಕದಲ್ಲೇ ಕೂತರು. ಅರ್ಧ ದಾರಿ ಕಳೆದ ಮೇಲೆ, "ವಾರ್ಡೊಳಗೆ ಹೊಸದಾಗಿ ಏನಾದ್ರೂ ತಂದು ಇಡೋದು ಹೇಗೆ ಅಂತ ನಂಗೆ ಮರ್ತೇ ಹೋಗಿದೆ ಕಣೆ. ತೆಗ್ಯೋದೊಂದೇ ಗೊತ್ತು. ಸ್ವಲ್ಪ ತೋರ್ಸಿಕೊಡು" ಎಂದರು.

ಆಫೀಸು ತಲುಪಿದ ಮೇಲೆ ಅವಳು ತೋರಿಸಿಕೊಟ್ಟಳು. ಎರಡು ಸಲ ತಪ್ಪಿದರು, ಮೂರನೆಯದಕ್ಕೆ ಕೈ ಕೂತಿತು. ಆಮೇಲೆ ಅವಳು ತನ್ನ ಕೆಲಸದಲ್ಲಿ ಮುಳುಗಿದಳು.

ಸಂಜೆ ಎಲ್ಲರೂ ಚೀಲ ಹೆಗಲಿಗೇರಿಸುವಾಗ ಬಸ್ಸಿಗೆ ಕರೆಯಲೆಂದು ಅವರ ಮೇಜಿನ ಬಳಿ ಹೋದಳು. ಚಿಕ್ಕಪ್ಪನಿಗೆ ಅವಳು ಬಂದದ್ದು ತಿಳಿಯಲಿಲ್ಲ. ಪರದೆಯ ಮೇಲೆ ವಾರ್ಡಿನ ಕೊನೆಯ ಮಂಚ. ಅದರ ಪಕ್ಕ ನೆಲದ ಮೇಲೆ, ಮೂಲ ಕಡತದಲ್ಲೂ ಇರದಿದ್ದ ಮಗುವಿನ ಪುಟ್ಟ ಚಪ್ಪಲಿಗಳು, ಒಂದು ನೆಟ್ಟಗೆ, ಇನ್ನೊಂದು ಮಗುಚಿ ಬಿದ್ದಿತ್ತು. ಅವರು ಮಗುಚಿದ್ದನ್ನು ನೆಟ್ಟಗೆ ಮಾಡಿದರು. ಹಿಂದಕ್ಕೆ ಒರಗಿ ನೋಡಿದರು. ಮತ್ತೆ ಮುಂದೆ ಬಗ್ಗಿ, ಅದನ್ನು ಮೆಲ್ಲಗೆ ಮೊದಲಿನಂತೆ ಮಗುಚಿಟ್ಟರು.