ಎರಡು ಪಾಳಿಯ ಮಂಚ

ಆ ಮಂಚ ತಣ್ಣಗಿದ್ದುದನ್ನು ಕಂಡವರಿಲ್ಲ. ಬೆಳಗ್ಗೆ ಮಗ್ಗದವನು ಎದ್ದುಹೋದ ಬಿಸಿ ಆರುವ ಮೊದಲೇ ಬಾಯ್ಲರಿನವನು ಬಂದು ಅದರ ಮೇಲೆ ಬೀಳುತ್ತಿದ್ದ. ಸಂಜೆ ಬಾಯ್ಲರಿನವನು ಕೆಲಸಕ್ಕೆ ಹೊರಟ ಸ್ವಲ್ಪ ಹೊತ್ತಿಗೆ ಮಗ್ಗದವನು ಹಿಂದಿರುಗುತ್ತಿದ್ದ. ಒಂದೇ ಮಂಚ, ಒಂದೇ ಹಾಸಿಗೆ, ಇಬ್ಬರು ಬಾಡಿಗೆಯವರು. ಮನೆಯೊಡತಿಯನ್ನು ಗಲ್ಲಿಯವರೆಲ್ಲ ಮಂಚದಮ್ಮ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮುಂದಿನ ಕೋಣೆಯನ್ನೂ ಮಂಚವನ್ನೂ ಬಾಡಿಗೆಗೆ ಬಿಟ್ಟು, ತಾನು ಅಡುಗೆಮನೆಯಲ್ಲಿ ಒಲೆಯ ಪಕ್ಕ ಚಾಪೆ ಹಾಸಿಕೊಂಡವಳು. ಮಂಚವೇ ಇಲ್ಲದ ಮಂಚದಮ್ಮ ನಾನು ಎಂದು ತಾನೇ ನಗುತ್ತಿದ್ದಳು.

ಇದೇನು ಲೋಕದಲ್ಲಿಲ್ಲದ ಸಂಗತಿಯಲ್ಲ. ಆ ಗಲ್ಲಿಯ ಪ್ರತಿ ಮನೆಯಲ್ಲೂ ಹೀಗೇ. ಊರಿಗೆ ಮಿಲ್ಲು ಬಂದದ್ದಲ್ಲ, ಮಿಲ್ಲಿನ ಹಿಂದೆ ಊರು ಬಂದದ್ದು. ಹೊಗೆ ಹೋಗದ ಕಡೆಯ ಗುಡ್ಡದ ಮೇಲೆ ಧಣಿಗಳು, ಅವರಿಂದ ಒಂದಿಷ್ಟು ಕೆಳಗೆ ಗುಮಾಸ್ತರು, ಹೊಗೆ ಹೋಗುವ ಕಡೆ ಮಿಕ್ಕವರೆಲ್ಲ. ಮಿಲ್ಲು ಬೆಳಗ್ಗೆ ಎರಡು ಸಲ ಕೂಗುತ್ತಿತ್ತು. ಮೊದಲ ಕೂಗಿಗೆ ಏಳಬೇಕು, ಎರಡನೆಯದಕ್ಕೆ ಗೇಟಿನೊಳಗೆ ಇರಬೇಕು. ಆ ಎರಡು ಕೂಗಿನ ನಡುವೆ ಮನುಷ್ಯನ ಕಾಲು ಎಷ್ಟು ದೂರ ನಡೆಯಬಲ್ಲುದೋ ಅಷ್ಟೇ ಆ ಊರಿನ ಅಗಲ. ಅದರಾಚೆ ಮನೆ ಮಾಡಿದವನಿಗೆ ತಲೆ ಕೆಟ್ಟಿದೆ ಎಂದು ಅರ್ಥ. ಹಾಗಾಗಿ ಗೋಡೆಗೆ ಗೋಡೆ ಆನಿಸಿ, ಒಬ್ಬರು ಕೆಮ್ಮಿದರೆ ಪಕ್ಕದ ಮನೆಯವರು ಎದ್ದು ಕೂರುವ ಹಾಗೆ ಗಲ್ಲಿಗಳು ಎದ್ದಿದ್ದವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸಲೀಸಾಗಿ ಹೇಳಿಬಿಟ್ಟರು. ಹಾಸಿಗೆಯೇ ಅರ್ಧ ದಿನದ್ದಾದರೆ ಏನು ಮಾಡಬೇಕೆಂದು ಒಬ್ಬರೂ ಹೇಳಲಿಲ್ಲ.

ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿಯೂ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಒಬ್ಬ ಹೋಗುವ ಹೊತ್ತಿಗೆ ಇನ್ನೊಬ್ಬ ಮಿಲ್ಲಿನ ಬಚ್ಚಲಲ್ಲಿ ಮೈಯ ಮಸಿಯನ್ನೋ ಧೂಳನ್ನೋ ತೊಳೆಯುತ್ತಿರುತ್ತಿದ್ದ. ರಜೆಯ ದಿನ ಮಗ್ಗದವನು ಗಾಳ ಹಿಡಿದು ಕೆರೆಗೆ ಹೋದರೆ ಕತ್ತಲಾಗುವವರೆಗೂ ಪತ್ತೆ ಇಲ್ಲ. ಬಾಯ್ಲರಿನವನು ರಜೆ ಸಿಕ್ಕಿದರೆ ಅಕ್ಕನ ಮನೆಗೆ ಓಡುತ್ತಿದ್ದ. ಗೇಟಿನ ನೂಕುನುಗ್ಗಲಿನಲ್ಲಿ ಒಬ್ಬರಿಗೊಬ್ಬರು ಎಷ್ಟೋ ಸಲ ಹೆಗಲು ತಾಗಿಸಿಕೊಂಡಿರಬಹುದು, ಗುರುತು ಹೇಗೆ ಸಿಗಬೇಕು.

ಮುಖ ನೋಡದಿದ್ದರೇನು, ಜಗಳಕ್ಕೆ ಮುಖ ಬೇಕೇ? ಇಬ್ಬರದೂ ಎಣ್ಣೆ ಸೀಗೆಕಾಯಿ. ಮಗ್ಗದವನು ಇಡೀ ದಿನ ಹತ್ತಿಯ ಧೂಳು ಕುಡಿದು ಬರುವವನು, ಅವನಿಗೆ ಕಿಟಕಿ ತೆರೆದಿರಬೇಕು. ಬಾಯ್ಲರಿನವನು ಬೆಂಕಿಯ ಮುಂದೆ ಬೆಂದವನು, ಅವನಿಗೆ ಸ್ವಲ್ಪ ಗಾಳಿ ಬೀಸಿದರೂ ಚಳಿ. ಇವನ ತಲೆ ಕಿಟಕಿಯ ಕಡೆ, ಅವನ ತಲೆ ಗೋಡೆಯ ಕಡೆ. ದಿಂಬಿನ ಮೇಲೆ ಹತ್ತಿಯ ಎಳೆ ಕಂಡರೆ ಅವನಿಗೆ ಸಿಟ್ಟು, ಹೊದಿಕೆಯ ಅಂಚಿಗೆ ಮಸಿ ಕಂಡರೆ ಇವನಿಗೆ ಸಿಟ್ಟು.

"ಅಮ್ಮಾ, ಆ ಇದ್ದಿಲು ಮೂಟೆಗೆ ಹೇಳು, ಕಾಲು ತೊಳ್ಕೊಂಡು ಮಲಗೋದನ್ನ ಕಲೀಲಿ ಅಂತ" ಎಂದು ಮಗ್ಗದವನು ಹೇಳಿ ಹೋಗುತ್ತಿದ್ದ.

ಬಾಯ್ಲರಿನವನು ಬಂದಾಗ ಮಂಚದಮ್ಮ ಚಹಾ ಕೊಟ್ಟು, "ನಿನ್ನ ಕಾಲು ಒಡೆದು ಹೋಗಿದೆಯಂತೆ, ಬಿಸಿನೀರಲ್ಲಿ ತೊಳ್ಕೊಂಡು ಮಲಗಿದರೆ ಒಳ್ಳೇದು ಅಂತ ಹೇಳಿ ಹೋದ" ಎನ್ನುತ್ತಿದ್ದಳು.

"ಅವನಿಗ್ಯಾಕೆ ನನ್ನ ಕಾಲಿನ ಚಿಂತೆ?"

"ಒಂದೇ ಮಂಚದವರಲ್ವೇನಪ್ಪ."

ಉಪ್ಪು ಖಾರ ಹಚ್ಚಿ ಹೇಳುವವರಿಗೆ ಆ ಊರಲ್ಲಿ ಬರವಿರಲಿಲ್ಲ. ಇವಳು ಇದ್ದ ಖಾರವನ್ನು ತೊಳೆದು, ಮೇಲೆ ಒಂದಿಷ್ಟು ಬೆಲ್ಲ ಸವರಿ ಕೊಡುತ್ತಿದ್ದಳು. ಹಾಸಿಗೆ ಕೊಡವಿದವಳು ತಾನು, ಮಗ್ಗದವನು ಕೊಡವಿಟ್ಟು ಹೋದ ಎಂದಳು. ತನ್ನ ಹಳೆಯ ಬಟ್ಟೆಗಳನ್ನು ಸೇರಿಸಿ ದಪ್ಪ ಹೊದಿಕೆ ಹೊಲಿದವಳು ತಾನು, ಬಾಯ್ಲರಿನವನು ಅಕ್ಕನ ಮನೆಯಿಂದ ತಂದಿಟ್ಟ ಎಂದಳು. ಒಮ್ಮೆ ಮಗ್ಗದವನು ಜ್ವರ ಬಂದು ಹಗಲೂ ಏಳಲಾರದೆ ಮಲಗಿಬಿಟ್ಟಾಗ, ಬಾಯ್ಲರಿನವನು ಹೊಸ್ತಿಲಾಚೆಯೇ ನಿಂತು ಮಿಲ್ಲಿನವರೆಗೂ ಕೇಳುವಂತೆ ಗೊಣಗಿ ಕಲ್ಲಿದ್ದಲು ಕೊಟ್ಟಿಗೆಗೆ ಮಲಗಲು ಹೋಗಿದ್ದ. ಜ್ವರ ಇಳಿದವನಿಗೆ ಅವಳು ಹೇಳಿದ್ದು, "ಪಾಪ, ನಿನಗೆ ಮಂಚ ಬಿಟ್ಟು ಕೊಟ್ಟಿಗೆಯಲ್ಲಿ ಮಲಗಿದ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಮಂಚದಮ್ಮ ಸಾವಿರ ಸುಳ್ಳು ಹೇಳಿ ಒಂದು ಮಂಚ ನಡೆಸುತ್ತಿದ್ದಳು. ಮೊದಮೊದಲು ಬಾಡಿಗೆಯವರು ಬಿಟ್ಟುಹೋದಾರೆಂಬ ಭಯಕ್ಕೆ ಹೇಳಿದಳು, ಆಮೇಲೆ ಅದು ಅಭ್ಯಾಸವಾಯಿತು, ಕೊನೆಕೊನೆಗೆ ಪ್ರೀತಿಯೇ ಆಗಿಬಿಟ್ಟಿತು. ಮಕ್ಕಳಿಲ್ಲದ ಮನೆಯಲ್ಲಿ ಹಗಲೊಂದು ಗೊರಕೆ, ರಾತ್ರಿಯೊಂದು ಗೊರಕೆ ಕೇಳುತ್ತಿದ್ದರೆ ಅವಳ ಜೀವಕ್ಕೆ ಸಮಾಧಾನ.

ಹೀಗಿರುವಾಗ ಮಿಲ್ಲಿಗೆ ಕರೆಂಟು ಬಂತು. ಹೊಸ ಮಗ್ಗಗಳು ಬಂದವು. ಎರಡು ಪಾಳಿಯ ಬಟ್ಟೆಯನ್ನು ಹಗಲಿನಲ್ಲೇ ನೇಯ್ದು ಮುಗಿಸುವ ಮಗ್ಗಗಳಂತೆ. ಬಾಯ್ಲರಿನ ಬೆಂಕಿ ಆರಿಸಿ, ರಾತ್ರಿ ಪಾಳಿಯನ್ನು ಮುಚ್ಚಿ, ಅಲ್ಲಿನವರನ್ನೆಲ್ಲ ಹಗಲಿನ ಗೋದಾಮು ಕೆಲಸಕ್ಕೆ ಹಾಕಿದರು. ಯಾರ ಕೆಲಸವೂ ಹೋಗುವುದಿಲ್ಲ ಎಂದು ಧಣಿಗಳು ಹೇಳಿದರು. ಅದು ನಿಜವೂ ಆಗಿತ್ತು. ಕೆಲಸ ಹೋಗಲಿಲ್ಲ, ಹಾಸಿಗೆ ಹೋಯಿತು. ಊರಿಗೆ ಊರೇ ಒಂದೇ ಹೊತ್ತಿಗೆ ಮಲಗಬೇಕಾಗಿ ಬಂದಾಗ, ಇರುವ ಮಂಚಗಳು ಅರ್ಧ ಊರಿಗೆ ಮಾತ್ರ ಸಾಲುತ್ತವೆ ಎಂಬುದು ಗುಡ್ಡದ ಮೇಲಿನವರ ಲೆಕ್ಕದಲ್ಲಿ ಇರಲಿಲ್ಲ.

ಸುದ್ದಿ ಮಂಚದಮ್ಮನಿಗೂ ಮುಟ್ಟಿತು. ಇಬ್ಬರಲ್ಲಿ ಒಬ್ಬನನ್ನು ಕಳಿಸಬೇಕು. ಯಾರನ್ನು? ಒಂದು ಕಣ್ಣಿಗೆ ಬೆಣ್ಣೆ ಇನ್ನೊಂದು ಕಣ್ಣಿಗೆ ಸುಣ್ಣ ಹಚ್ಚುವ ಜಾಯಮಾನ ಅವಳದಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಇವರಿಬ್ಬರೂ ಎದುರುಬದುರು ಕೂತು ಮಾತಾಡಿದರೆ ಇಷ್ಟು ವರ್ಷದ ಸುಳ್ಳೆಲ್ಲ ಬಯಲಾಗುತ್ತದೆ. ಆಮೇಲೆ ಇಬ್ಬರಲ್ಲಿ ಯಾರೂ ಅವಳ ಮುಖ ನೋಡಲಾರರು. ಅತ್ತ ದರಿ, ಇತ್ತ ಪುಲಿ.

ಹೊಸ ಏರ್ಪಾಡಿನ ಮೊದಲ ಸಂಜೆ ಇಬ್ಬರೂ ಒಟ್ಟಿಗೇ ಬಂದು ಬಾಗಿಲಲ್ಲಿ ನಿಂತರು. ಬಾಗಿಲು ಕಿರಿದು, ಒಬ್ಬರೇ ಹೋಗುವಷ್ಟು.

"ನೀವು ಮೊದಲು ಹೋಗಿ" ಎಂದ ಮಗ್ಗದವನು.

"ಛೆ, ನೀವು ಹೋಗಿ" ಎಂದ ಬಾಯ್ಲರಿನವನು.

ಮಂಚದಮ್ಮ ಅಡುಗೆಮನೆಯಲ್ಲಿ ಸೌಟು ಹಿಡಿದು ಕಲ್ಲಿನಂತೆ ಕೂತಳು. ಮುಂದಿನ ಕೋಣೆಯ ಒಂದೊಂದು ಮಾತೂ ಕಿವಿಗೆ ಬೀಳುತ್ತಿತ್ತು.

"ಆ ಹೊದಿಕೆ ತಂದುಕೊಟ್ಟಿರಲ್ಲ, ಬಹಳ ಬೆಚ್ಚಗಿದೆ" ಎಂದ ಮಗ್ಗದವನು.

ಮಂಚದಮ್ಮ ಕಣ್ಣು ಮುಚ್ಚಿಕೊಂಡಳು.

"ಅದೇನು ಮಹಾ ಬಿಡಿ" ಎಂದ ಬಾಯ್ಲರಿನವನು. "ದಿನಾ ಹಾಸಿಗೆ ಕೊಡವಿಟ್ಟು ಹೋಗ್ತಿದ್ರಿ. ಈ ಕಾಲದಲ್ಲಿ ಯಾರು ಮಾಡ್ತಾರೆ?"

"ಅಯ್ಯೋ, ಅದು ದೊಡ್ಡದಾ?"

ಅವಳು ಸೌಟು ಕೆಳಗಿಟ್ಟಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆದರೆ ಮಂಚದ ಮಾತು ಬಂತು. ನೀವೇ ಇಟ್ಟುಕೊಳ್ಳಿ ಎಂದು ಇವನು, ನೀವು ಹಳಬರು ಎಂದು ಅವನು. ಆ ರಾತ್ರಿ ಮಂಚ ಖಾಲಿ ಬಿತ್ತು, ಇಬ್ಬರೂ ಜಗಲಿಯಲ್ಲಿ ಮಲಗಿದರು. ಬೆಳಗ್ಗೆ ಇಬ್ಬರೂ ಅವಳ ಮುಂದೆ ಬಂದು ನಿಂತರು. ಮಾತಾಡಿದವನು ಬಾಯ್ಲರಿನವನು.

"ಅಮ್ಮಾ, ಇಂಥವರನ್ನ ಬೀದಿಗೆ ಕಳಿಸಿ ನಾನು ಹೇಗೆ ಮಂಚದ ಮೇಲೆ ಮಲಗಲಿ? ರೈಲು ಹಳಿಯಾಚೆ ಎಲ್ಲರೂ ತಗಡು ಹಾಕ್ಕೊಂಡು ಮನೆ ಕಟ್ತಿದಾರೆ. ನಾವಿಬ್ಬರೂ ಸೇರಿ ಅಲ್ಲಿ ಒಂದು ಕೋಣೆ ಎಬ್ಬಿಸ್ತೀವಿ."

"ಒಳ್ಳೇದಾಯ್ತಪ್ಪ" ಎಂದಳು ಮಂಚದಮ್ಮ. ಬೇರೇನು ಹೇಳಲಿ? ಗಿಡ ನೆಟ್ಟವಳು ತಾನು, ನೆರಳು ಹಳಿಯಾಚೆ ಬಿತ್ತು. ಅವರು ಗಂಟು ಕಟ್ಟಿಕೊಂಡು ಹೋದ ಮೇಲೆ ಅವಳು ಒಲೆಯ ಮುಂದೆ ಕೂತು ಅತ್ತಳು. ಹೊಗೆಯಿಂದ ಬಂದ ನೀರು ಎಂದು ಹೇಳೋಣವೆಂದರೆ ಒಲೆಯನ್ನೂ ಹಚ್ಚಿರಲಿಲ್ಲ.

ಆ ಸಂಜೆ ಎಷ್ಟೋ ವರ್ಷದ ನಂತರ ಅವಳು ತನ್ನ ಮಂಚದ ಮೇಲೆ ಮಲಗಿದಳು. ಹಾಸಿಗೆಯಲ್ಲಿ ಕಿಟಕಿಯ ಕಡೆ ಒಂದು ಗುಳಿ, ಗೋಡೆಯ ಕಡೆ ಒಂದು ಗುಳಿ, ನಡುವೆ ದಿಬ್ಬ. ಯಾವ ಗುಳಿಯಲ್ಲಿ ಮಲಗಿದರೂ ಅದು ಬೇರೆಯವರ ಜಾಗವೆನಿಸಿತು. ದಿಬ್ಬದ ಮೇಲೆ ಮಲಗಿದರೆ ಬೆನ್ನು ನೋಯುತ್ತಿತ್ತು. ಮಂಚ ತಣ್ಣಗೆ ಕೊರೆಯುತ್ತಿತ್ತು. ಎದ್ದು ಹೋಗಿ ಚಾಪೆಯಲ್ಲೇ ಮಲಗಿದಳು.

ಗಲ್ಲಿಯ ಮನೆಮನೆಯಿಂದ ಒಬ್ಬೊಬ್ಬರು ಹೆಗಲಿಗೆ ಹಾಸಿಗೆ ಹಾಕಿಕೊಂಡು ಹಳಿಯಾಚೆ ನಡೆದರು. ಸೈಕಲ್ಲು ಇದ್ದವರು ಇನ್ನೂ ಆಚೆ ಹೋದರು. ಜನ ದೂರ ಹೋದರು ಎಂದು ಮಿಲ್ಲು ತನ್ನ ಮೊದಲ ಕೂಗನ್ನು ಇನ್ನಷ್ಟು ಮುಂಚೆ ಕೂಗತೊಡಗಿತು. ಊರು ಹಾಗೆ ಅಗಲವಾಯಿತು, ನಿದ್ದೆ ಅಷ್ಟು ಕಡಿಮೆಯಾಯಿತು. ಮಂಚದಮ್ಮನಿಗೆ ಆ ಕೂಗಿಗೆ ಏಳುವ ಕೆಲಸವಿರಲಿಲ್ಲ, ಆದರೂ ಏಳುತ್ತಿದ್ದಳು. ಎದ್ದು ಇಬ್ಬರಿಗಾಗುವಷ್ಟು ಚಹಾಕ್ಕೆ ನೀರಿಡುತ್ತಿದ್ದಳು.

ಒಂದು ರಜೆಯ ದಿನ ಮಗ್ಗದವನು ಬಂದು ಹೊಸ್ತಿಲ ಮೇಲೆ ಕೂತ. ಕೈಯಲ್ಲಿ ಗಾಳ ಇರಲಿಲ್ಲ.

"ಅಮ್ಮಾ, ಆ ಇದ್ದಿಲು ಮೂಟೆಗೆ ಸ್ವಲ್ಪ ಹೇಳು. ಕಿಟಕಿ ಮುಚ್ಚಿ ನನ್ನ ಉಸಿರು ಕಟ್ಟಿಸ್ತಾನೆ. ಕತ್ತೆ."

"ನೀನೇ ಹೇಳೋ. ಪಕ್ಕದಲ್ಲೇ ಮಲಗ್ತೀಯಲ್ಲ."

"ನಾನು ಹೇಳಿದರೆ ಜಗಳ ಆಗುತ್ತೆ. ನೀನು ಹೇಳೋ ಹಾಗೆ ನಂಗೆ ಬರಲ್ಲ."

ಮಂಚದಮ್ಮ ಅವನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಆ ಹೊದಿಕೆಯಲ್ಲಿ ಇದ್ದದ್ದು ನಿನ್ನ ಹಳೇ ಬಟ್ಟೆ" ಎಂದ. "ಮೊದಲ ದಿನಾನೇ ಗೊತ್ತಾಯ್ತು. ಅವನಿಗೂ ಗೊತ್ತಿತ್ತಂತೆ, ಹಾಸಿಗೆ ಕೊಡವೋದು ನಾನಲ್ಲ ಅಂತ. ಆವತ್ತು ಇಬ್ಬರೂ ಜಗಲಿಯಲ್ಲಿ ಮಲಗಿದಾಗ ಹೇಳ್ಕೊಂಡು ನಕ್ಕಿದ್ವಿ."

"ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ?"

"ಕೇಳೋಕೆ ಚೆನ್ನಾಗಿರ್ತಿತ್ತು. ಇಷ್ಟು ಜನ ಇರೋ ಊರಲ್ಲಿ, ಉಂಡ್ಯಾ, ಮಲಗಿದ್ಯಾ ಅಂತ ನನ್ನ ಕೇಳೋರು ಒಬ್ಬರಿದಾರೆ ಅನ್ನಿಸ್ತಿತ್ತು. ಅದು ಅವನಲ್ಲ, ನೀನು ಅಂತ ಗೊತ್ತಾದ ಮೇಲೂ ಹಾಗೇ ಅನ್ನಿಸ್ತಿತ್ತು."

ಅವಳು ಚಹಾ ಕೊಟ್ಟು, ಬಾಗಿಲು ಎಳೆದುಕೊಂಡು ಅವನ ಜೊತೆ ಹೊರಟಳು.

ಹಳಿಯಾಚೆಗೆ ಅವಳು ಎಂದೂ ಹೋದವಳಲ್ಲ. ಕಣ್ಣು ಹಾಯುವಷ್ಟು ದೂರ ತಗಡಿನ ಮಾಡುಗಳು, ಹಸಿ ಮಣ್ಣಿನ ಗೋಡೆಗಳು, ನೀರಿಗೆ ಸಾಲುನಿಂತ ಹೆಂಗಸರು. ಅವಳ ಗಲ್ಲಿಯ ಎಷ್ಟೋ ಮುಖಗಳು ಅಲ್ಲಿದ್ದವು. ಬಾಯ್ಲರಿನವನು ಒಂದು ಕೋಣೆಯ ಮುಂದೆ ಮೊಣಕೈವರೆಗೆ ಮಣ್ಣು ಮಾಡಿಕೊಂಡು ಗೋಡೆ ಮೆತ್ತುತ್ತಿದ್ದ. ಮಗ್ಗದವನು ಬೇಕೆಂದೇ ದೂರದಲ್ಲಿ ನಿಂತ.

"ಕಿಟಕಿ ಮುಚ್ಚಿದರೆ ಗಾಳಿ ಇಲ್ಲದೆ ನಿನಗೆ ಉಸಿರು ಕಟ್ಟೀತು ಅಂತ ಅವನಿಗೆ ಚಿಂತೆಯಂತಪ್ಪ" ಎಂದಳು ಮಂಚದಮ್ಮ.

ಬಾಯ್ಲರಿನವನು ಬಹಳ ಗಂಭೀರವಾಗಿ ಕೇಳಿದ. "ಕತ್ತೆ ಅಂದಿರಬೇಕಲ್ಲ?"

"ಇಲ್ಲಪ್ಪ."

"ಒಂದು ಸಲಾನೂ?"

"ಅವನ ಬಾಯಲ್ಲಿ ಅಂಥ ಮಾತು ಬರುತ್ತಾ."

ಬಾಯ್ಲರಿನವನು ಕೈ ತೊಳೆದುಕೊಂಡು ಒಳಗೆ ಹೋಗಿ ಕಿಟಕಿ ತೆರೆದ. ಅವಳೂ ಹಿಂದೆಯೇ ಹೋದಳು. ಒಂದು ಗೋಡೆಗೆ ಒಂದು ಚಾಪೆ, ಎದುರು ಗೋಡೆಗೆ ಇನ್ನೊಂದು. ಮೂರನೆಯ ಗೋಡೆಯ ಪಕ್ಕದ ಜಾಗವನ್ನು ಗುಡಿಸಿ, ಸಾರಿಸಿ ಖಾಲಿ ಬಿಟ್ಟಿದ್ದರು. ಅದರ ಅಳತೆ ಅವಳಿಗೆ ನೋಡಿದ ಕೂಡಲೇ ಗುರುತು ಸಿಕ್ಕಿತು.

"ಅಲ್ಲೇನು ಬರುತ್ತೆ?" ಎಂದು ಕೇಳಿದಳು.

"ನಿನ್ನ ಮಂಚ" ಎಂದ ಬಾಯ್ಲರಿನವನು, ಕಿಟಕಿಯ ಕಡೆ ನೋಡುತ್ತ. "ಹಗಲೂ ರಾತ್ರಿಯೂ ಒಬ್ಬರೇ ಮಲಗೋ ಮಂಚ. ನಮಗಲ್ಲ."

ಮಂಚದಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಕೋಣೆಯನ್ನು ಒಂದು ಸುತ್ತು ನೋಡಿದಳು. ಬಾಗಿಲ ಹತ್ತಿರ ಕಲ್ಲು ಜೋಡಿಸಿ ಅರ್ಧ ಕಟ್ಟಿದ್ದ ಒಲೆಯ ಮುಂದೆ ನಿಂತಳು.

"ಇದನ್ನ ಯಾವನು ಇಲ್ಲಿ ಕಟ್ಟಿದ್ದು? ಹೊಗೆಯೆಲ್ಲ ಮಂಚದ ಮೇಲೇ ಬರುತ್ತಲ್ಲೋ. ಕಿತ್ತು ಆ ಕಡೆ ಹಾಕ್ರೋ."