ಗುಂಡಿಯ ಕಿವಿ, ಅಮ್ಮನ ಮೊಣಕಾಲು

ಆಸ್ಪತ್ರೆಯ ಆ ಗೂಡಿನ ಬಾಗಿಲು ಮುಚ್ಚಿಕೊಂಡರೆ ಸಾಕು, ದರ್ಜಿಯಮ್ಮನಿಗೆ ಉಸಿರು ಕಟ್ಟಿದಂತಾಗುತ್ತಿತ್ತು. ಗೋಡೆಗೆಲ್ಲ ಸ್ಪಂಜು, ಬಾಗಿಲೋ ಗೇಣುದ್ದ ದಪ್ಪ. ಹೊರಗಿನ ಸದ್ದು ಒಳಗಿಲ್ಲ, ಒಳಗಿನದು ಹೊರಗಿಲ್ಲ. ಇದ್ದದ್ದು ಒಂದು ಗಾಜು. ಆಚೆ ಕಿವಿ ತಪಾಸಣೆಯ ಮೇಡಂ, ಈಚೆ ಇವಳು, ಇವಳ ತೊಡೆಯ ಮೇಲೆ ಮೂರು ವರ್ಷದ ಗುಂಡಿ. ಮುಖ ದುಂಡಗಿದೆ ಅಂತ ಅಪ್ಪ ಇಟ್ಟ ಹೆಸರು. ಕರೆದರೆ ತಿರುಗದ ಕೂಸಿಗೆ ಯಾವ ಹೆಸರಾದರೇನು ಅಂತ ಅತ್ತೆ ಒಮ್ಮೆ ಅಂದುಬಿಟ್ಟು, ಆಮೇಲೆ ತಾವೇ ಮೂಲೆಯಲ್ಲಿ ಕೂತು ಮೂಗು ಒರೆಸಿಕೊಂಡಿದ್ದರು.

ತಿರುಗುವುದೇ ಇಲ್ಲ ಅಂತಲ್ಲ. ಕಿವಿಗೆ ಮಿಷನ್ನು ಹಾಕಿದರೆ ಬಸ್ಸಿನ ಗುರುಗುರು ಕೇಳುತ್ತೆ, ಆ ಬಸ್ಸು ಓಡಿಸುವ ಅಪ್ಪನ ದಪ್ಪ ದನಿಯೂ ಕೇಳುತ್ತೆ. ಅವನು "ಏನಮ್ಮಾ ಗುಂಡೀ" ಅಂದರೆ ಎಲ್ಲಿದ್ದರೂ ಓಡಿ ಬಂದು ಅವನ ಎದೆಗೆ ಕೆನ್ನೆ ಒತ್ತುತ್ತಾಳೆ. ಆದರೆ ಮಾತನ್ನು ಮಾತಾಗಿಸುವ ಸಣ್ಣ ದನಿಗಳು, ಸ, ಚ, ತ ಇಂಥವು, ಕೇಳುತ್ತವೋ ಇಲ್ಲವೋ? ಕೇಳದಿದ್ದರೆ ಕಿವಿಯೊಳಗೆ ತಂತಿ ಕೂರಿಸುವ ಆಪರೇಷನ್ನು, ಕಾಕ್ಲಿಯರ್ ಇಂಪ್ಲಾಂಟು. ಮಾತು ಬರಬಹುದು. ಆದರೆ ಈಗಿರುವ ಅಷ್ಟಿಷ್ಟು ಕೇಳುವಿಕೆ ಉಳಿಯಬಹುದು, ಹೋಗಲೂಬಹುದು, ಖಾತ್ರಿ ಕೊಡಲಾರೆ ಅಂದಿದ್ದರು ಡಾಕ್ಟರು.

"ಇಲ್ಲದ್ದನ್ನ ತರೋಕೆ ಹೋಗಿ ಇರೋದನ್ನ ಕಳಕೊಳ್ಳೋದಾ?" ಅಂದಿದ್ದ ಗಂಡ. "ಈಗ ಕರೆದ್ರೆ ಬರ್ತಾಳೆ. ನಾಳೆ ಬರದೇ ಹೋದ್ರೆ?"

"ಅವಳು ನಿಮ್ಮನ್ನ ಕರೀಬೇಡ್ವಾ?"

ಕೊನೆಗೆ ಅತ್ತೆಯದೇ ತೀರ್ಪು: "ನೀವಿಬ್ರೂ ಕಿತ್ತಾಡಬೇಡಿ. ಪರೀಕ್ಷೆ ಏನು ಹೇಳುತ್ತೋ ಅದು."

ಹಿಂದಿನ ಪರೀಕ್ಷೆಗಳಲ್ಲೆಲ್ಲ ಗುಂಡಿ ಪಾಸು. ಸ್ಪೀಕರಿನಲ್ಲಿ ದನಿ ಬಂದಾಗ ಡಬ್ಬಿಗೊಂದು ಬಟನ್ ಹಾಕಬೇಕು, ಅಷ್ಟೇ ಆಟ. ಅವಳು ಟಣ್ ಟಣ್ ಅಂತ ಹಾಕಿದ್ದೇ ಹಾಕಿದ್ದು. ಗಂಡ ವಾರವಿಡೀ ಎದೆಯುಬ್ಬಿಸಿಕೊಂಡು ಓಡಾಡಿದ್ದ.

ಈ ಸಲ ಮೇಡಂ ಒಂದು ಹೆಡ್‌ಫೋನು ಹಿಡಿದುಕೊಂಡು ಒಳಗೇ ಬಂದಿದ್ದರು. "ನಿದ್ದೆ ಬರಿಸಿ, ತಲೆಗೆ ವಯರು ಅಂಟಿಸಿ ಮಾಡಿದ ಪರೀಕ್ಷೆ ಒಂದು ಹೇಳುತ್ತೆ, ಈ ಬಟನ್ ಆಟ ಇನ್ನೊಂದು ಹೇಳುತ್ತೆ. ತಾಳೆ ಆಗ್ತಿಲ್ಲ. ಇದು ನಿಮಗೆ, ಹಾಕ್ಕೊಳಿ. ಹಾಡು ಬರುತ್ತೆ."

"ಪರೀಕ್ಷೆ ನಂಗಲ್ವಲ್ಲ ಮೇಡಂ."

"ಸ್ಪೀಕರಿನ ದನಿ ನಿಮಗೆ ಕೇಳಬಾರ್ದು. ತಾಯಂದಿರ ಮೈ ಸುಮ್ನಿರಲ್ಲಮ್ಮ. ಬೇಕಂತ ಯಾರೂ ಮಾಡಲ್ಲ."

ಮಾಡೋದಾದರೂ ಏನನ್ನ ಅಂತ ನಗು ಬಂತು ಅವಳಿಗೆ. ಮೇಡಂ ಆಚೆ ಹೋದರು, ಬಾಗಿಲು ಮುಚ್ಚಿತು. ಕಿವಿ ತುಂಬ ಯಾವುದೋ ಹಾಡು. ಗುಂಡಿ ಬಟನ್ನನ್ನು ಕೆನ್ನೆಗೆ ಒತ್ತಿ ಹಿಡಿದಳು. ಸ್ಪೀಕರಿನ ಕಡೆ ನೋಡಲಿಲ್ಲ. ಇನ್ನೊಂದು ಅಂಗೈಯನ್ನು ಮೆಲ್ಲಗೆ ಅಮ್ಮನ ಬಲ ಮೊಣಕಾಲಿನ ಮೇಲಿಟ್ಟು ಕಾಯುತ್ತ ಕೂತಳು.

ದರ್ಜಿಯಮ್ಮನ ನಗು ಅಲ್ಲೇ ಇಂಗಿತು.

ಈ ಕೂಸು ಬೆಳೆದದ್ದೇ ಹೊಲಿಗೆ ಮಿಷನ್ನಿನ ಕೆಳಗೆ, ಪೆಡಲು ತುಳಿಯುವ ಕಾಲಿಗೆ ಆತುಕೊಂಡು. ಯಾರಾದರೂ ಬಾಗಿಲು ತಟ್ಟಿದರೆ, ಒಳಗೆ ಕುಕ್ಕರು ಕೂಗಿದರೆ ಆ ಕಾಲು ಗಕ್ಕನೆ ಬಿಗಿಯುತ್ತಿತ್ತು, ಕೂಸು ತಲೆಯೆತ್ತುತ್ತಿತ್ತು. ಎಷ್ಟು ಚುರುಕು ಅಂತ ಇವಳೇ ಮುದ್ದಿಸಿದ್ದುಂಟು. ಹಾಗಾದರೆ ಇಷ್ಟು ದಿನ ಪಾಸಾದದ್ದು ಈ ಮೊಣಕಾಲು.

ಗಾಜಿನಾಚೆ ಮೇಡಂ ದನಿ ಬಿಡುವ ಸ್ವಿಚ್ಚು ಒತ್ತುವುದು ಕಾಣುತ್ತಿತ್ತು. ಕೈ ಮರೆ ಮಾಡಿಕೊಂಡರೂ ಮೊಣಕೈ ಹೇಳಿಬಿಡುತ್ತಿತ್ತು. ಈಗ ಒತ್ತಿದರು. ಒಂಚೂರು, ಸೂಜಿಮೊನೆಯಷ್ಟು ಕಾಲು ಬಿಗಿದರೆ ಸಾಕು, ಬಟನ್ ಡಬ್ಬಿಗೆ ಬೀಳುತ್ತೆ, ಆಪರೇಷನ್ನು ಬೇಡವಾಗುತ್ತೆ, ಅಪ್ಪನ ದನಿ ಉಳಿಯುತ್ತೆ. ಜೊತೆಗೆ ಗುಂಡಿ ಜೀವಮಾನವಿಡೀ ಯಾರದ್ದಾದರೂ ಮೊಣಕಾಲು ಹುಡುಕುತ್ತಿರಬೇಕಾಗುತ್ತೆ. ಬಿಗಿಯದಿದ್ದರೆ? ಮುಂದಿನದನ್ನು ಯೋಚಿಸಲಾರದೆ ಎದ್ದು ಓಡೋಣ ಅನ್ನಿಸಿತು. ತೊಡೆಯ ಮೇಲೆ ಮಗು, ಎದುರಿಗೆ ಗಾಜು, ಹಿಂದೆ ಆ ಬಾಗಿಲು.

ಮಗಳ ಅಂಗೈ ಎತ್ತಿ ಡಬ್ಬಿಯ ಅಂಚಿಗಿಟ್ಟಳು. ಎರಡೂ ಕೈಯಿಂದ ಮೊಣಕಾಲನ್ನು ಅದುಮಿ ಹಿಡಿದಳು. ಕೈಗೆ ಸಿಕ್ಕ ಕೋಳಿಯ ಹಾಗೆ ಕಾಲು ಒಳಗೊಳಗೇ ಒದ್ದಾಡಿತು.

ಗುಂಡಿ ಅಮ್ಮನ ಮುಖ ನೋಡಿದಳು, ಕಾಲು ನೋಡಿದಳು. ಬಟನ್ ಬೀಳಲಿಲ್ಲ. ಮೇಡಂ ಮತ್ತೆ ಒತ್ತಿದರು, ಮತ್ತೆ ಒತ್ತಿದರು. ಬೀಳಲಿಲ್ಲ. ಕೊನೆಗೆ ಯಾವುದೋ ಒಂದು ದನಿಗೆ ಮಗು ತಾನಾಗಿಯೇ ಹುಬ್ಬೇರಿಸಿ, ಬಾಗಿಲ ಕಡೆ ತಿರುಗಿ, ಅಪ್ಪ ಬಂದನೇನೋ ಅನ್ನುವ ಹಾಗೆ ನಕ್ಕು, ಬಟನ್ ಹಾಕಿದಳು.

ಹೊರಗೆ ಬೆಂಚಿನ ಮೇಲಿದ್ದ ಗಂಡ ಎದ್ದು ನಿಂತ. "ಕೇಳಿಸ್ತಾ ಅವಳಿಗೆ?"

"ನಿಮ್ಮಂಥ ದಪ್ಪ ದನಿ ಕೇಳಿಸುತ್ತೆ."

"ಮತ್ತೆ?"

"ಅಷ್ಟೇರೀ. ಮಿಕ್ಕಿದ್ದೆಲ್ಲ ನನ್ನ ಕಾಲು ಕೇಳಿಸ್ಕೊಳ್ತಿತ್ತು."

ಅವನಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದಳು. ಅವನು ಬಸ್ಸಿನ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. "ಹಾಗಾದ್ರೆ ಆಪರೇಷನ್ನು ಮಾಡಿಸಲೇಬೇಕು," ಅಂದ. ಮಗಳನ್ನು ಎತ್ತಿಕೊಂಡು ಅವಳ ಕಿವಿಯ ಹತ್ತಿರ ಬಾಯಿಟ್ಟ. ನಿಲ್ದಾಣದಲ್ಲಿ ಬಸ್ಸು ಹತ್ತುವವರಿಗೆ ದಿನಾ ಕೂಗುವುದು ಬಾಯಿಗೆ ಬಂತು. "ಮುಂದೆ ಹೋಗಿ, ಮುಂದೆ ಹೋಗಿ, ಜಾಗ ಇದೆ," ಅಂದ, ತನ್ನ ಅತಿ ದಪ್ಪ ದನಿಯಲ್ಲಿ.

ಗುಂಡಿ ಅವನ ಎದೆಗೆ ಕೆನ್ನೆ ಒತ್ತಿದಳು. ಅವನು ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದ. ದರ್ಜಿಯಮ್ಮ ಬೆಂಚಿನ ಮೇಲೆ ಕೂತು ಮೊಣಕಾಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೇ ಇದ್ದಳು.