ಎಡಗಿವಿ

"ಎತ್ತಿ, ಎತ್ತಿ! ತಲೆ ಕಡೆ ಗೋಡೆಗೆ ತಾಗ್ತಿದೆ!" ಎಂದು ವಾರ್ಡ್ ಸಿಸ್ಟರ್ ಮೇಲಿನ ಮೆಟ್ಟಿಲಿನಿಂದ ಕೂಗಿದಳು.

ಶವಪೆಟ್ಟಿಗೆ ಮೇಷ್ಟ್ರ ಮನೆಯಿದ್ದ ಬಿಲ್ಡಿಂಗಿನ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಲಿಫ್ಟಿನಲ್ಲಿ ಅದು ಹಿಡಿಸಿರಲಿಲ್ಲ. ಆ ಲಿಫ್ಟನ್ನು ಕೂರಿಸಿದವರೇ ಪೆಟ್ಟಿಗೆಯೊಳಗೆ ಮಲಗಿದ್ದರು. ಅದರ ಮೋಟಾರನ್ನು ಇಷ್ಟು ವರ್ಷ ನೋಡಿಕೊಂಡು ಬಂದ ಮಗ ಮುಂದಿನ ಮೂಲೆಗೆ ಹೆಗಲು ಕೊಟ್ಟು, ಕಾಲಿನಿಂದ ಮೆಟ್ಟಿಲು ತಡಕುತ್ತ ಇಳಿಯುತ್ತಿದ್ದ. ಪಕ್ಕದ ಮೂಲೆಯಲ್ಲಿ ಸೇತುವೆ ಎಂಜಿನಿಯರ್ ಇದ್ದ. ಅವನು ಯಾರಿಗೂ ಹೇಳದೆ ತನ್ನಷ್ಟಕ್ಕೆ "ಎಡ... ಬಲ... ಎಡ..." ಎಂದು ಗೊಣಗತೊಡಗಿದ. ಹೊತ್ತವರೆಲ್ಲರ ಹೆಜ್ಜೆ ತಾನಾಗಿ ಒಂದಾಯಿತು.

"ಹೀಗೆ ಕುಂಟಿದ್ರೆ ಮೇಷ್ಟ್ರು ಎದ್ದು ಕೂತು, ಇನ್ನೊಂದು ಸಲ ಮೇಲಿಂದ ಶುರು ಮಾಡ್ರೋ ಅಂತಾರೆ" ಎಂದಳು ವಾರ್ಡ್ ಸಿಸ್ಟರ್. ಮೆಟ್ಟಿಲಿನ ಉದ್ದಕ್ಕೂ ನಗು ಹರಿಯಿತು. ಅವಳೇ ಮೂಗು ಒರೆಸಿಕೊಂಡಳು.

ಮೇಷ್ಟ್ರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಶಾಲೆಯಲ್ಲಿ ಫೇಲಾಗಿ ಸೈನ್ಯ ಸೇರಿದವರು. ಬಿಟ್ಟುಹೋದ ಪರೀಕ್ಷೆಗಳನ್ನು ಬ್ಯಾರಕ್ಕಿನಲ್ಲಿ ಕೂತು ಓದಿ ಪಾಸು ಮಾಡಿಕೊಂಡು, ವಿದ್ಯುತ್ ಕೆಲಸ ಕಲಿತು, ಸೇವೆ ಮುಗಿದ ಮೇಲೆ ಲಿಫ್ಟ್ ಕಂಪನಿ ಸೇರಿದ್ದರು. ಕೆಲಸಕ್ಕೆ ಹೋಗುವ ಮುಂಚೆ ರೈಲು ಹಳಿಯ ಪಕ್ಕದ ಮೈದಾನದಲ್ಲಿ ಬೀದಿಯ ಹುಡುಗ ಹುಡುಗಿಯರನ್ನು ಓಡಿಸಿ, ಹಗ್ಗ ಹತ್ತಿಸಿ, ಸೈನ್ಯದ ಭರ್ತಿಗೆ ತಯಾರು ಮಾಡುತ್ತಿದ್ದರು. "ಊಟ ಹಾಕಿ, ಬಟ್ಟೆ ಕೊಟ್ಟು ಓದಿಸೋ ಕಾಲೇಜು ಬೇರೆ ಎಲ್ಲಿದೆ ಕಣ್ರೋ?" ಎನ್ನುವುದು ಅವರ ಮಾತು. ವಾರ್ಡ್ ಸಿಸ್ಟರ್ ನರ್ಸಿಂಗ್ ಓದಿದ್ದು ಹಾಗೆ. ಎಂಜಿನಿಯರ್ ಎಂಜಿನಿಯರ್ ಆದದ್ದೂ ಹಾಗೇ. ಅವರ ಮಗನನ್ನು ಬೀದಿಯವರು ಮರಿಮೇಷ್ಟ್ರು ಎಂದು ಕರೆಯುತ್ತಿದ್ದರು. ಅವನು ಯಾರಿಗೂ ಏನೂ ಕಲಿಸಿರಲಿಲ್ಲ, ಸೈನ್ಯಕ್ಕೂ ಹೋಗಿರಲಿಲ್ಲ.

ಕೆಳಗೆ ಬಂದಾಗ ವ್ಯಾನ್ ಬಂದಿರಲಿಲ್ಲ. ರಸ್ತೆ ಅಗೆದಿದ್ದಾರೆ, ಸುತ್ತಿ ಬರಬೇಕು ಎಂದು ಚಾಲಕ ಫೋನು ಮಾಡಿದ್ದ. ಕ್ಷೌರದ ಅಂಗಡಿಯ ಬೆಂಚುಗಳನ್ನು ತಂದು ಬಾಗಿಲ ಬಳಿ ಪೆಟ್ಟಿಗೆಯನ್ನು ಇಳಿಸಿದರು.

"ಕಡೆಕಡೆಗೆ ಮೇಷ್ಟ್ರಿಗೊಂದು ಹುಚ್ಚು ಹಿಡಿದಿತ್ತು" ಎಂದ ಎಂಜಿನಿಯರ್, ಭುಜ ನೀವಿಕೊಳ್ಳುತ್ತ. "ನನ್ನ ತಮ್ಮನ ಸ್ನೇಹಿತ ಅವರ ಹತ್ರ ತಯಾರಿಗೆ ಸೇರೋಕೆ ಹೋದ. ಮೊದಲನೇ ಪ್ರಶ್ನೆ, ಮನೇಲಿ ಎಷ್ಟು ಜನ ಮಕ್ಕಳು? ನಾನೊಬ್ಬನೇ ಸಾರ್ ಅಂದ. ಬೂಟು ಬಿಚ್ಚು, ಮನೆಗೆ ನಡಿ ಅಂದ್ಬಿಟ್ರು!"

"ವಯಸ್ಸಾಯ್ತಲ್ಲ, ಏನೋ ಒಂದು" ಎಂದಳು ವಾರ್ಡ್ ಸಿಸ್ಟರ್. ಮಗನ ಕಡೆ ತಿರುಗಿ, "ನಿಮ್ಮ ಕಿವಿ ಒಂದು ಕೈ ಕೊಡದೇ ಇದ್ದಿದ್ರೆ ನಮಗಿಂತ ಮುಂಚೆ ನೀವೇ ಎಂಜಿನಿಯರ್ ಆಗ್ತಿದ್ರಿ" ಎಂದಳು.

ಅವನು ಎಂದಿನ ನಗೆ ನಕ್ಕ.

*

ಭರ್ತಿಗೆ ತಯಾರಾಗುತ್ತಿದ್ದ ಕಾಲದಲ್ಲಿ ಮೈದಾನದಲ್ಲಿ ಅವನಿಗಿಂತ ವೇಗವಾಗಿ ಓಡುತ್ತಿದ್ದವನು ಒಬ್ಬನೇ, ಕೊಕ್ಕರೆ. ಕಾಲು ಉದ್ದ, ಕತ್ತು ಉದ್ದ, ನಿಂತರೆ ಒಂದು ಕಾಲಿನ ಮೇಲೆ ನಿಲ್ಲುವವನು. ಕೆಳಮನೆಯ ದರ್ಜಿಯಮ್ಮನ ಮಗ. ಅಪ್ಪ ಇರಲಿಲ್ಲ. ಇಬ್ಬರೂ ಒಂದೇ ಪುಸ್ತಕದಿಂದ ಲೆಕ್ಕ ಮಾಡಿದರು, ಲಿಖಿತ ಪರೀಕ್ಷೆ ಒಟ್ಟಿಗೆ ಪಾಸಾದರು. ಸೈನ್ಯದ ತಾಂತ್ರಿಕ ಕಾಲೇಜಿನಲ್ಲಿ ಯಾವ ಮಂಚ ಯಾರಿಗೆ ಎಂದು ಈಗಲೇ ಜಗಳವಾಡಿಕೊಂಡರು.

ವೈದ್ಯಕೀಯ ಪರೀಕ್ಷೆಯ ದಿನ ಡಾಕ್ಟರು ಅವನ ಕಿವಿಯೊಳಗೆ ದೀಪ ಹಿಡಿದರು. ಪಕ್ಕದಲ್ಲಿದ್ದ ಕಾಂಪೌಂಡರು ಬಗ್ಗಿ ಏನೋ ಹೇಳಿದರು. ಡಾಕ್ಟರು ಮತ್ತೊಮ್ಮೆ ನೋಡಿ, "ಎಡಗಿವಿ ತಮಟೆಯಲ್ಲಿ ತೂತು. ಮುಂದಿನವರು" ಎಂದರು.

ಹೊರಗೆ ಮರದ ಕೆಳಗೆ ಅಪ್ಪ ಸೈಕಲ್ ಹಿಡಿದು ನಿಂತಿದ್ದರು. ಬೈಯುತ್ತಾರೆ ಎಂದುಕೊಂಡಿದ್ದ. ಅವರು ಅವನ ಬೆನ್ನಿನ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡಪ್ಪ. ನನ್ನ ಜೊತೆ ಲಿಫ್ಟ್ ಕೆಲಸಕ್ಕೆ ಬಾ" ಎಂದರು. ಅಪ್ಪ ಅಷ್ಟು ಮೆತ್ತಗೆ ಮಾತಾಡಿದ್ದನ್ನು ಅವನು ಅದುವರೆಗೆ ಕೇಳಿರಲಿಲ್ಲ.

ಪಾಸಾದ ಕೊಕ್ಕರೆ ಹಿಂದೇಟು ಹಾಕಿದ. "ಇವನಿಲ್ದೆ ನಾನೊಬ್ಬನೇ ಏನು ಹೋಗೋದು ಮೇಷ್ಟ್ರೆ? ನಾನೂ ಬಿಡ್ತೀನಿ."

"ತಲೆ ಕೆಟ್ಟಿದೆಯೇನೋ?" ಎಂದು ಮೇಷ್ಟ್ರು ಗದರಿದರು. "ಮನೆ ಬಾಗಿಲಿಗೆ ಬಂದ ಓದನ್ನ ಒದೀತೀಯಾ? ನಿಮ್ಮಮ್ಮ ಮಷೀನು ತುಳಿದೂ ತುಳಿದೂ ಸವೆದು ಹೋಗ್ಲಿ ಅಂತಾನಾ?"

ಕೊಕ್ಕರೆ ಹೋದ.

*

ಪೆಟ್ಟಿಗೆಯ ಬಳಿ ಜನ ಹೆಚ್ಚಿದರು. ಮುದುಕರೊಬ್ಬರು ಊರುಗೋಲು ಊರುತ್ತ ಬಂದು, ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ನಿಂತರು. ಅಪ್ಪನ ಹಳೆಯ ಗೆಳೆಯ, ಅದೇ ಕಾಂಪೌಂಡರು. ಮಗ ಅವರಿಗೆ ಕುರ್ಚಿ ಹಾಕಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಅವರು ಏನೋ ಹೇಳತೊಡಗಿದಾಗ ಅಭ್ಯಾಸಬಲದಿಂದ ಮುಖ ತಿರುಗಿಸಿ ಬಲಗಿವಿ ಕೊಟ್ಟ.

"ಆ ಕಡೆ ಯಾಕೋ ತಿರುಗ್ತೀಯ? ನನ್ನ ಬಾಯಿ ವಾಸನೆನಾ?"

"ಎಡಗಿವಿ ಅಷ್ಟಕ್ಕಷ್ಟೆ ಅಲ್ವಾ ಮಾಮ."

ಕಾಂಪೌಂಡರು ಅವನನ್ನೇ ದಿಟ್ಟಿಸಿದರು. "ಹೇಳಲೇ ಇಲ್ವಾ ನಿಮ್ಮಪ್ಪ?"

"ಏನನ್ನ?"

"ನಿನ್ನ ಮದುವೆ ಆದ್ಮೇಲೆ ಹೇಳ್ತೀನಿ ಅಂದಿದ್ದ. ಆಮೇಲೆ ಮಗು ಆಗಲಿ ಅಂದ." ಅವರು ಪೆಟ್ಟಿಗೆಯ ಕಡೆ ನೋಡಿದರು, ಅಲ್ಲಿಂದ ಒಪ್ಪಿಗೆ ಬರಬೇಕು ಎನ್ನುವ ಹಾಗೆ. "ನಿನ್ನ ಕಿವಿಗೆ ಏನೂ ಆಗಿರಲಿಲ್ಲ ಮಗಾ. ಮೆಡಿಕಲ್‌ಗೆ ಮುಂಚೆ ನಿಮ್ಮಪ್ಪ ನಮ್ಮನೆಗೆ ಬಂದು ಕೂತ. ನಾನು ಹೂಂ ಅನ್ನೋವರೆಗೂ ಏಳಲಿಲ್ಲ. ನನಗಿರೋನು ಒಬ್ಬನೇ ಕಣೋ, ಹೇಗಾದ್ರೂ ತಪ್ಪಿಸು ಅಂತ ಅತ್ತ. ಡಾಕ್ಟರು ಹೊಸಬರು, ನಾನು ಹೇಳಿದ್ದನ್ನ ನಂಬ್ತಿದ್ರು."

ಮಗನಿಗೆ ತಕ್ಷಣ ಸಿಟ್ಟು ಬರಲಿಲ್ಲ. ಬೇರೆಯವರ ಮನೆಯ ಸುದ್ದಿ ಕೇಳಿದಂತಿತ್ತು. ಹೆಂಡತಿ ಯಾವಾಗಲೂ ತನ್ನ ಬಲಕ್ಕೇ ನಡೆಯುವುದು ನೆನಪಾಯಿತು. ಲಿಫ್ಟು ಓಡಾಡುವ ಬಾವಿಯಲ್ಲಿ ಬೇರಿಂಗಿನ ಸಣ್ಣ ಕಿರುಗುಟ್ಟುವಿಕೆಯನ್ನೂ ತಾನು ಹಿಡಿಯುತ್ತಿದ್ದದ್ದು, "ನಿನ್ನ ಕಿವಿ ಚುರುಕು" ಎಂದು ಅಪ್ಪ ಒಮ್ಮೆ ಬಾಯಿತಪ್ಪಿ ಹೇಳಿ ಸುಮ್ಮನಾದದ್ದು ನೆನಪಾಯಿತು.

"ಅವತ್ತು ಕೊಕ್ಕರೇನೂ ಸಾಲಲ್ಲಿದ್ದ" ಎಂದ.

"ಇದ್ದ."

"ಅವನೂ ಒಬ್ಬನೇ ಮಗ, ಮಾಮ."

ಕಾಂಪೌಂಡರು ಊರುಗೋಲಿನ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜಿದರು. "ಅವನಿಗೋಸ್ಕರ ಯಾರೂ ಬಂದು ಕೂರಲಿಲ್ಲ" ಎಂದರು.

ಮಗ ಎದ್ದು ಗೋಡೆಯ ಕಡೆ ಹೋದ. ಬಲಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡ. ಜನರ ಪಿಸುಮಾತು ಕೇಳಿಸಿತು, ಯಾರದೋ ಕೆಮ್ಮು ಕೇಳಿಸಿತು. ಎಲ್ಲದರ ಆಚೆ, ದರ್ಜಿಯಮ್ಮನ ಅಂಗಡಿಯ ಅರ್ಧ ಎಳೆದ ಶಟರಿನ ಹಿಂದೆ, ಹೊಲಿಗೆ ಮಷೀನಿನ ಸದ್ದು ಸ್ಪಷ್ಟವಾಗಿ ಕೇಳಿಸಿತು.

*

ಕೊಕ್ಕರೆ ಮೊದಲ ರಜೆಗೆ ಬಂದಾಗ ಬೇರೆಯೇ ಮನುಷ್ಯನಾಗಿದ್ದ. ಸರ್ವೆ ಕೋರ್ಸು ಮುಗಿಸಿದ್ದ, ಎಂಜಿನಿಯರಿಂಗ್ ಸೀಟು ಕೈಗೆ ಬಂದಿತ್ತು. ಬೀದಿಯಲ್ಲಿ ಒಂದು ಕಣ್ಣು ಮುಚ್ಚಿ ನಿಂತು, "ನಮ್ಮ ಬಿಲ್ಡಿಂಗು ಓರೆ ಇದೆ ಕಣೋ" ಎಂದು ಗೆಳೆಯನನ್ನು ಗೋಳುಹುಯ್ದುಕೊಂಡಿದ್ದ. ಮತ್ತೆ ಬರಲಿಲ್ಲ. ಯುದ್ಧವಾಗಿರಲಿಲ್ಲ. ಪ್ರವಾಹಕ್ಕೆ ಸಿಕ್ಕ ಒಂದು ಊರಿಗೆ ತಾತ್ಕಾಲಿಕ ಸೇತುವೆ ಹಾಕುವಾಗ ಕಟ್ಟಿದ್ದ ಹಗ್ಗ ಹರಿದು ನೀರಿಗೆ ಬಿದ್ದಿದ್ದ.

ಕೊಕ್ಕರೆಯ ಮಣ್ಣಿನ ದಿನ ಮೇಷ್ಟ್ರು ಎಲ್ಲರಿಗಿಂತ ಹಿಂದೆ ನಿಂತಿದ್ದರು. ಆಮೇಲಿಂದ ದರ್ಜಿಯಮ್ಮ ಅವರೊಡನೆ ಮಾತು ಬಿಟ್ಟಳು. ಮಗನನ್ನು ಕಳಿಸಿದ ಸಿಟ್ಟು ಎಂದು ಬೀದಿ ಅಂದುಕೊಂಡಿತು. ಮೇಷ್ಟ್ರ ಮಗನೂ ಹಾಗೇ ಅಂದುಕೊಂಡ. ಕೊಕ್ಕರೆಯ ಜಾಗದಲ್ಲಿ ತಾನಿರಬೇಕಿತ್ತು ಎಂದು ಎಷ್ಟೋ ಸಲ ಅನ್ನಿಸಿತ್ತು. ಓದೂ ತನ್ನದಾಗಬೇಕಿತ್ತು, ನೀರೂ.

*

ಅವನು ಶಟರಿನ ಕೆಳಗೆ ಬಗ್ಗಿ ಒಳಗೆ ಹೋದ. ದರ್ಜಿಯಮ್ಮ ತಲೆ ಎತ್ತಲಿಲ್ಲ. ಯಾರದೋ ಕೋಟಿನ ಅಸ್ತರು ಸೂಜಿಯ ಕೆಳಗೆ ಸರಿಯುತ್ತಿತ್ತು.

"ವ್ಯಾನ್ ಬಂತಾ?"

"ಇಲ್ಲ ಚಿಕ್ಕಮ್ಮ. ನನ್ನ ಕಿವಿ ಸರಿಯಾಗೇ ಇತ್ತಂತೆ."

ಅವಳ ಕಾಲು ನಿಂತಿತು. "ಯಾರು ಹೇಳಿದ್ರು?"

ಏನು ಎಂದು ಕೇಳಲಿಲ್ಲ. "ನಿಮಗೆ ಗೊತ್ತಿತ್ತು" ಎಂದ ಅವನು.

"ನಿಮ್ಮಪ್ಪನೇ ಹೇಳಿದ. ಮಗನ್ನ ಮಣ್ಣು ಮಾಡಿ ಬಂದ ವಾರದಲ್ಲೇ, ಅಲ್ಲಿ ನೀನು ನಿಂತಿದ್ದೀಯಲ್ಲ, ಅಲ್ಲೇ ನಿಂತ್ಕೊಂಡು." ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ಕಳಿಸಿದ್ದಕ್ಕೆ ನಾನು ಯಾರನ್ನೂ ಬೈದವಳಲ್ಲ ಕಣೋ. ಹೋಗು ಹೋಗು ಅಂತ ಟ್ರಂಕು ತುಂಬಿಸಿದ್ದು ನಾನೇ. ಆದ್ರೆ ನಿಮ್ಮಪ್ಪನಿಗೆ ಭಯ ಇತ್ತಲ್ಲ? ಒಳಗೇ ಇತ್ತಲ್ಲ? ಅದನ್ನ ನನಗೊಂದು ಮಾತು ಹೇಳಬಹುದಿತ್ತು."

"ನನಗ್ಯಾಕೆ ಹೇಳಲಿಲ್ಲ ನೀವು?"

"ದಿನಾ ಬಾಯಿ ತುದಿಗೆ ಬರ್ತಿತ್ತು. ನೀನು ಟೂಲ್ ಬ್ಯಾಗು ಹೆಗಲಿಗೆ ಹಾಕ್ಕೊಂಡು, ಮುಖ ಜೋತು ಬಿಟ್ಕೊಂಡು ಹೋಗ್ತಿದ್ದೆ, ಓದು ಸಿಗಲಿಲ್ಲ ಅಂತ. ಬದುಕಿರೋನು ಕೊರಗ್ತಾನಲ್ಲ ಅಂತ ನಿನ್ನ ಮೇಲೂ ಸಿಟ್ಟು ಬರ್ತಿತ್ತು." ಅವಳು ಅಸ್ತರಿನ ಸುಕ್ಕು ಬಿಡಿಸಿದಳು. "ಹೇಳಿದ್ರೆ ನೀನು ನಿಮ್ಮಪ್ಪನ್ನ ಬಿಟ್ಟು ಹೋಗ್ತಿದ್ದೆ. ಅವನಿಗೂ ಮಗ ಇಲ್ಲ ಅನ್ನೋ ಹಾಗಾಗ್ತಿತ್ತು. ಹಾಗೇ ಆಗಲಿ ಅಂತ ಎಷ್ಟೋ ದಿನ ಅನ್ನಿಸಿದೆ. ಯಾಕೋ ಆಗಲಿಲ್ಲ ನನ್ನ ಕೈಲಿ."

ಹೊರಗೆ ವ್ಯಾನಿನ ಹಾರ್ನು ಕೇಳಿತು.

"ಬರ್ತೀರಾ?" ಎಂದ.

"ಹೋಗು. ಕಾಯ್ತಿದ್ದಾರೆ" ಎಂದು ಅವಳು ಮತ್ತೆ ಮಷೀನು ತುಳಿದಳು.

*

ಸ್ಮಶಾನದಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಮೇಷ್ಟ್ರು ತಯಾರು ಮಾಡಿದವರೆಲ್ಲ ಯಾರೂ ಹೇಳದೆಯೇ ಸಾಲಾಗಿ ನಿಂತರು. ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದ್ದಾಯಿತು. ಎಂಜಿನಿಯರ್ ಮಾತಾಡಿದ: ಈ ಮನುಷ್ಯ ಇಲ್ಲದಿದ್ದರೆ ನಾನು ಇವತ್ತಿಗೂ ಲಾರಿ ತೊಳೆಯುತ್ತಿದ್ದೆ ಎಂದ. ವಾರ್ಡ್ ಸಿಸ್ಟರ್ ಮಾತು ಶುರು ಮಾಡಿ, ಮುಗಿಸಲಾಗದೆ ಹಿಂದೆ ಸರಿದಳು. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಮಗನಿಗೆ ಅದನ್ನು ಸಹಿಸುವುದೇ ಕಷ್ಟವಾಯಿತು.

"ಮರಿಮೇಷ್ಟ್ರೆ, ನೀವೊಂದು ಮಾತು. ಆಮೇಲೆ ಮೊದಲ ಹಿಡಿ ಮಣ್ಣು ನಿಮ್ಮದೇ" ಎಂದ ಎಂಜಿನಿಯರ್.

ಅವನು ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಂಡ. ತಲೆ ಎತ್ತಿದ. ಗೋರಿಗಳ ಕೆಲವು ಸಾಲುಗಳಾಚೆ ದರ್ಜಿಯಮ್ಮ ಕಾಣಿಸಿದಳು. ಬಸ್ಸು ಹಿಡಿದು ಬಂದಿರಬೇಕು. ಸೀರೆಗೆ ದಾರದ ತುಂಡುಗಳು ಅಂಟಿಕೊಂಡೇ ಇದ್ದವು. ಈ ಕಡೆ ನೋಡದೆ ಕೊಕ್ಕರೆಯ ಕಲ್ಲಿನ ಪಕ್ಕ ಕೂತು, ಸುತ್ತ ಬೆಳೆದ ಹುಲ್ಲನ್ನು ಕೀಳುತ್ತಿದ್ದಳು.

ಅವನು ಸಾಲನ್ನು ದಾಟಿ ನಡೆದ. ಹಿಂದಿನಿಂದ ಯಾರೋ ಕರೆದರು. ಗುಂಡಿಯ ಅಂಚಿನಲ್ಲಿ ಕೆಲಸಗಾರರು ಸನಿಕೆಯ ಮೇಲೆ ಗಲ್ಲ ಊರಿ ಕಾಯುತ್ತ ನಿಂತರು. ಅವನು ಹೋಗಿ ಅವಳ ಎದುರು ಮಂಡಿಯೂರಿ, ಎಡಗೈಯಿಂದ ಹುಲ್ಲು ಕೀಳತೊಡಗಿದ. ಬಲಗೈಯಲ್ಲಿ ಅಪ್ಪನ ಹಿಡಿಮಣ್ಣು ಹಾಗೇ ಇತ್ತು. ಬಿಗಿದಷ್ಟೂ ಅದು ಬೆರಳ ಸಂದಿಯಿಂದ ಕೊಕ್ಕರೆಯ ಕಲ್ಲಿನ ಮೇಲೆ ಸಣ್ಣಗೆ ಉದುರುತ್ತಿತ್ತು.